ಸಪ್ಲೈಯರ್ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ?

ಕಳೆದ ಸಲ ಇದೇ ಅಂಕಣದಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ. ಬಟ್ಟೆ, ಶೂ, ಫೋನ್ ಮಾರುವ ಕೆಲವು ದೊಡ್ಡ ಕಂಪನಿಗಳು ತಮ್ಮ ಮಾಲು ಯಾವ ಯಾವ ಫ್ಯಾಕ್ಟರಿಯಲ್ಲಿ ತಯಾರಾಗುತ್ತದೆ ಅನ್ನುವ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತವೆ, ಬಿಡುವಿದ್ದಾಗ ನೋಡಿ ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸ ಓದುಗರಿಗಾಗಿ ಹೇಳುತ್ತೇನೆ: ನಾನು ಗಾರ್ಮೆಂಟ್ಸ್ ಎಕ್ಸ್‌ಪೋರ್ಟ್‌ನ ಕಂಪ್ಲಯನ್ಸ್, ಅಂದರೆ ನಿಯಮ ಪಾಲನೆ ನೋಡಿಕೊಳ್ಳುವ ವಿಭಾಗದಲ್ಲಿ ಹನ್ನೆರಡು ವರ್ಷ ಇದ್ದವಳು. ಬೈಯರ್ ಕಡೆಯ ಆಡಿಟರ್ ಬಂದಾಗ ಫೈಲು ಹಿಡಿದು ಅವರ ಹಿಂದೆ ಓಡುವ ಕೆಲಸ ಅದು. ಪತ್ರಗಳಲ್ಲಿ ಎಂಟನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಕೊನೆ ವರ್ಷ. ಸಪ್ಲೈ ಚೈನ್ ವಿಷಯದಲ್ಲಿ ಯಾವುದನ್ನು ಹೊರಗೆ ಹೇಳಬೇಕು, ಯಾವುದನ್ನು ಹೇಳಬಾರದು ಅಂತ ಕಂಪನಿಯಲ್ಲಿ ಯಾರು ತೀರ್ಮಾನ ಮಾಡುತ್ತಾರೆ? ಹೇಗೆ? ಪುಸ್ತಕದಲ್ಲಿ ‘ಪಾರದರ್ಶಕತೆ ಒಳ್ಳೆಯದು’ ಅಂತ ಮಾತ್ರ ಇದೆ.
*— ವಿದ್ಯಾರ್ಥಿ, ದಾವಣಗೆರೆ*

ಪುಸ್ತಕ ಹಾಗೇ ಹೇಳಬೇಕು, ಪಾಪ.

ಅಂಥ ಮೀಟಿಂಗ್‌ಗಳ ಮೂಲೆಯಲ್ಲಿ ನಾನು ಒಂದೆರಡು ಸಲ ಕೂತಿದ್ದೇನೆ. ಮಾತಾಡೋಕಲ್ಲ, ಕೇಳಿದಾಗ ಲೆಕ್ಕ ಕೊಡೋಕೆ. ಅಲ್ಲಿ ಮೂರ್ನಾಲ್ಕು ದನಿ ಇರುತ್ತವೆ. ಖರೀದಿ ವಿಭಾಗದವರು ‘ಬೇಡವೇ ಬೇಡ’ ಅನ್ನುತ್ತಾರೆ. ಹತ್ತು ವರ್ಷ ಹುಡುಕಿ, ತಿದ್ದಿ, ರೇಟು ಕುದುರಿಸಿ ಇಟ್ಟುಕೊಂಡ ಫ್ಯಾಕ್ಟರಿಯ ವಿಳಾಸವನ್ನು ಎದುರಾಳಿಯ ಕೈಗೆ ಕೊಡಬೇಕಾ ಅಂತ ಅವರ ಸಂಕಟ. ಲೀಗಲ್‌ನವರು ಬೇರೆಯದೇ ಕೇಳುತ್ತಾರೆ: ‘ಇದನ್ನು ಬರೆದರೆ ನಾಳೆ ಕೋರ್ಟಿನಲ್ಲಿ ಸಾಬೀತು ಮಾಡೋಕಾಗುತ್ತಾ?’ ಪ್ರಚಾರ ನೋಡಿಕೊಳ್ಳುವವರಿಗೆ ಬೇರೆ ಕಂಪನಿಗಳು ಏನು ಹಾಕಿವೆ ಅನ್ನುವುದಷ್ಟೇ ಮುಖ್ಯ. ಅವರಿಗಿಂತ ಒಂದು ಸಾಲು ಜಾಸ್ತಿ ಇದ್ದರೆ ಖುಷಿ, ಹತ್ತು ಸಾಲು ಜಾಸ್ತಿಯಾದರೆ ಭಯ. ಇನ್ನೊಬ್ಬರು ಪರಿಸರ, ಕಾರ್ಮಿಕರ ವಿಷಯ ನೋಡಿಕೊಳ್ಳುವವರು. ಅವರು ಎಲ್ಲ ಹೇಳೋಣ ಅನ್ನುತ್ತಾರೆ. ಅವರ ಕುರ್ಚಿ ಸಾಮಾನ್ಯವಾಗಿ ಬಾಗಿಲ ಹತ್ತಿರ ಇರುತ್ತದೆ.

ಈ ಜಗಳ ಹೇಗೆ ಮುಗಿಯುತ್ತದೆ ಅನ್ನುವುದಕ್ಕೆ ನೈಕಿ ಕಂಪನಿಯ ಕಥೆಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 1990ರ ದಶಕದಲ್ಲಿ ಏಷ್ಯಾದ ಶೂ ಫ್ಯಾಕ್ಟರಿಗಳ ಪರಿಸ್ಥಿತಿ ಬಗ್ಗೆ ಅದಕ್ಕೆ ಸಿಕ್ಕಾಪಟ್ಟೆ ಬೈಗುಳ ಬಿತ್ತು. ಕಂಪನಿ ಸಮಜಾಯಿಷಿ ಕೊಡುತ್ತಾ ಬಂತು, ನಮ್ಮ ಫ್ಯಾಕ್ಟರಿಗಳಲ್ಲಿ ಎಲ್ಲ ಸರಿ ಇದೆ ಅಂತ. ಆದರೆ ಆ ಫ್ಯಾಕ್ಟರಿಗಳು ಯಾವುವು ಅಂದರೆ ಅದು ವ್ಯಾಪಾರದ ಗುಟ್ಟು! ಆಗ ಅಮೆರಿಕದ ಕಾಲೇಜು ಹುಡುಗರು ಶುರು ಮಾಡಿದರು. ನಮ್ಮ ಯೂನಿವರ್ಸಿಟಿ ಲೋಗೋ ಇರುವ ಟೀ ಶರ್ಟ್ ಎಲ್ಲಿ ಹೊಲಿಯುತ್ತೀರಿ, ಹೇಳಿ, ಇಲ್ಲದಿದ್ದರೆ ಕಾಂಟ್ರ್ಯಾಕ್ಟ್ ಬೇಡ ಅಂದರು. 1999ರಲ್ಲಿ ನೈಕಿ ಆ ಟೀ ಶರ್ಟುಗಳ ಮಟ್ಟಿಗೆ ಫ್ಯಾಕ್ಟರಿ ಹೆಸರು ಕೊಟ್ಟಿತು. ಮಿಕ್ಕಿದ್ದು ಹಾಗೇ ಗುಟ್ಟಾಗಿ ಉಳಿಯಿತು.

ಅದೇ ಹೊತ್ತಿಗೆ ಮಾರ್ಕ್ ಕಾಸ್ಕಿ ಅನ್ನುವವರು ಕ್ಯಾಲಿಫೋರ್ನಿಯಾದಲ್ಲಿ ಕೇಸು ಹಾಕಿದ್ದರು. ‘ಎಲ್ಲ ಸರಿ ಇದೆ ಅಂತ ನೈಕಿ ಹೇಳಿದ್ದು ಸುಳ್ಳು ಜಾಹೀರಾತು’ ಅನ್ನುವುದು ಅವರ ವಾದ. 2002ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಕಂಪನಿ ತನ್ನ ಫ್ಯಾಕ್ಟರಿಗಳ ಬಗ್ಗೆ ಹೇಳುವುದೂ ವ್ಯಾಪಾರದ ಮಾತೇ, ಸುಳ್ಳಾದರೆ ಹೊಣೆ ಹೊರಬೇಕು ಅಂದಿತು. 2003ರಲ್ಲಿ ನೈಕಿ 15 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಇದರ ನಡುವೆ ಏನಾಯ್ತು ಗೊತ್ತಾ? ಕಂಪನಿ ತನ್ನ ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನೇ ನಿಲ್ಲಿಸಿಬಿಟ್ಟಿತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಾಯಿತು.

ಆಮೇಲೆ 2005ರಲ್ಲಿ ವರದಿ ಮತ್ತೆ ಬಂತು, ಜೊತೆಗೆ 700ಕ್ಕೂ ಜಾಸ್ತಿ ಫ್ಯಾಕ್ಟರಿಗಳ ಹೆಸರು, ವಿಳಾಸ. ಅದೇ ವರ್ಷ ಲೀವೈಸ್ ಕೂಡ ಪಟ್ಟಿ ಹಾಕಿತು. ಇಷ್ಟು ವರ್ಷ ವ್ಯಾಪಾರದ ಗುಟ್ಟು ಅಂತ ಕಾಪಾಡಿದ್ದನ್ನು ಬಯಲು ಮಾಡಿದ ಮೇಲೆ ನೈಕಿ ಮುಳುಗಿತಾ? ಇಲ್ಲವಲ್ಲ. ಗುಟ್ಟು ಅಂದುಕೊಂಡಿದ್ದು ಎದುರಾಳಿಗಳಿಗೆ ಮೊದಲೇ ಗೊತ್ತಿತ್ತು. ಒಂದೇ ಫ್ಯಾಕ್ಟರಿಯ ಒಂದನೇ ಲೈನಿನಲ್ಲಿ ಈ ಬ್ರ್ಯಾಂಡ್, ಮೂರನೇ ಲೈನಿನಲ್ಲಿ ಅದರ ಎದುರಾಳಿ ಬ್ರ್ಯಾಂಡ್ ಓಡುತ್ತಿರುತ್ತದೆ. ಪೀಣ್ಯದಲ್ಲಿ ಕೆಲಸ ಮಾಡಿದ ಯಾವ ಟೈಲರ್ ಬೇಕಾದರೂ ಇದನ್ನು ಹೇಳುತ್ತಾರೆ. ಅಲ್ಲದೆ ಅಮೆರಿಕಕ್ಕೆ ಹಡಗಿನಲ್ಲಿ ಬರುವ ಮಾಲಿನ ಕಸ್ಟಮ್ಸ್ ದಾಖಲೆ ಅಲ್ಲಿ ಸಾರ್ವಜನಿಕ. ಯಾರು ಕಳಿಸಿದರು, ಯಾರು ತರಿಸಿಕೊಂಡರು ಅಂತ ದುಡ್ಡು ಕೊಟ್ಟರೆ ಸಿಗುತ್ತದೆ (ಕಂಪನಿ ಅರ್ಜಿ ಹಾಕಿ ತನ್ನ ಹೆಸರು ಮುಚ್ಚಿಸಿಕೊಳ್ಳಬಹುದು, ಅದು ಬೇರೆ ಮಾತು). ನಮ್ಮಲ್ಲಿ ಉಲ್ಟಾ. ಒಬ್ಬ ವ್ಯಾಪಾರಿಯ ಆಮದು ರಫ್ತಿನ ಬೆಲೆ, ಪ್ರಮಾಣದ ವಿವರವನ್ನು ಕಾನೂನಿನ ಅಪ್ಪಣೆ ಇಲ್ಲದೆ ಪ್ರಕಟಿಸುವುದನ್ನು 2022ರಲ್ಲಿ ಅಪರಾಧವನ್ನಾಗಿ ಮಾಡಿದರು.

ಹೀಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಕಂಪನಿ ಏನು ಹೇಳುತ್ತದೆ ಅನ್ನುವುದು ಅದಕ್ಕೆ ಎಷ್ಟು ಗೊತ್ತಿದೆ ಅನ್ನುವುದರ ಮೇಲೆ ನಿಂತಿಲ್ಲ. ಯಾರು ಕೇಳುತ್ತಿದ್ದಾರೆ, ಅವರ ಕೈಯಲ್ಲಿ ಏನಿದೆ ಅನ್ನುವುದರ ಮೇಲೆ ನಿಂತಿದೆ. ಕಾಲೇಜು ಹುಡುಗರ ಕೈಯಲ್ಲಿ ಕಾಂಟ್ರ್ಯಾಕ್ಟ್ ಇತ್ತು, ಅದಕ್ಕೇ ಅವರಿಗೆ ಕಾಲೇಜಿನ ಟೀ ಶರ್ಟಿನ ವಿಳಾಸ ಸಿಕ್ಕಿತು. ಅಷ್ಟೇ ಸಿಕ್ಕಿತು, ಒಂದು ಶೂ ವಿಳಾಸ ಜಾಸ್ತಿ ಸಿಗಲಿಲ್ಲ.

ಕೊಟ್ಟರೂ ಎಷ್ಟು ಅಳೆದು ಕೊಡುತ್ತಾರೆ ನೋಡಿ. ಆ್ಯಪಲ್ 2012ರ ಜನವರಿಯಲ್ಲಿ ಮೊದಲ ಸಲ ಪಟ್ಟಿ ಹಾಕಿತು. 156 ಹೆಸರು, ಅದರ ಖರೀದಿಯ 97% ಅದರಲ್ಲಿ ಬರುತ್ತದೆ ಅಂತ ಬರೆದಿತ್ತು. ಆದರೆ ಯಾರು ಯಾವ ಭಾಗ ಮಾಡುತ್ತಾರೆ, ಯಾರಿಗೆ ಎಷ್ಟು ರೇಟು ಅನ್ನುವುದು ಇರಲಿಲ್ಲ. ಹೆಸರು ಕೊಡುವುದು ಒಂದು, ಸಂಬಂಧ ಬಿಚ್ಚಿ ಹೇಳುವುದು ಇನ್ನೊಂದು. ಯಾವ ಕಂಪನಿಯ ಪಟ್ಟಿಯಲ್ಲೂ ಬೆಲೆ ಇದ್ದಿದ್ದನ್ನು ನಾನಂತೂ ನೋಡಿಲ್ಲ.

ಪ್ರಶ್ನೆ: ನಾನು ಮೈಸೂರು ರೋಡ್ ಕಡೆಯ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡ್ತೀನಿ. ನೀವು ಬರೆದಿದ್ದು ಓದಿ ಮಗನ ಮೊಬೈಲಲ್ಲಿ ಹುಡುಕಿಸಿದೆ. ಹೊರದೇಶದ ಕಂಪನಿ ಪಟ್ಟಿಯಲ್ಲಿ ನಮ್ಮ ಫ್ಯಾಕ್ಟರಿ ಹೆಸರು, ವಿಳಾಸ, ಎಷ್ಟು ಜನ ಕೆಲಸಕ್ಕಿದ್ದಾರೆ ಎಲ್ಲ ಇದೆ! ಆಶ್ಚರ್ಯ ಆಯ್ತು. ಆದ್ರೆ ಮೇಡಂ, ಇದ್ರಿಂದ ನಮಗೇನು ಬಂತು?
*— ಓದುಗರು, ಕೆಂಗೇರಿ*

ಅಮ್ಮಾ, ನಿಮ್ಮ ಪತ್ರ ಓದಿ ತುಂಬ ಖುಷಿಯಾಯ್ತು. ಆ ಪಟ್ಟಿಯಲ್ಲಿ ಕಾರ್ಮಿಕರ ಸಂಖ್ಯೆ ಯಾಕಿದೆ ಅಂತ ಮೊದಲು ಹೇಳುತ್ತೇನೆ.

2013ರ ಏಪ್ರಿಲ್ 24. ಬಾಂಗ್ಲಾದೇಶದ ಢಾಕಾ ಹತ್ತಿರ ರಾಣಾ ಪ್ಲಾಜಾ ಅನ್ನುವ ಕಟ್ಟಡ ಕುಸಿಯಿತು. ಒಳಗೆ ಐದು ಗಾರ್ಮೆಂಟ್ ಫ್ಯಾಕ್ಟರಿ. 1,100ಕ್ಕೂ ಜಾಸ್ತಿ ಜನ ಸತ್ತರು, ಹೆಚ್ಚಿನವರು ನಿಮ್ಮ ಹಾಗೆ ಹೆಣ್ಣುಮಕ್ಕಳು. ಅಲ್ಲಿ ಯಾವ ಯಾವ ಬ್ರ್ಯಾಂಡಿನ ಬಟ್ಟೆ ಹೊಲಿಯುತ್ತಿದ್ದರು ಅಂತ ತಿಳಿಯಲು ಜನ ಕಟ್ಟಡದ ಅವಶೇಷದಲ್ಲಿ ಲೇಬಲ್ ಹೆಕ್ಕಬೇಕಾಯಿತು. ಪರಿಹಾರ ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಿಲ್ಲದ ಸ್ಥಿತಿ. ಅದಾದ ಮೇಲೆ ಕಾರ್ಮಿಕ ಸಂಘಟನೆಗಳು, ಮಾನವ ಹಕ್ಕು ಸಂಸ್ಥೆಗಳು ಸೇರಿ ಬಟ್ಟೆ ಕಂಪನಿಗಳ ಮುಂದೆ ಒಂದು ಬೇಡಿಕೆ ಇಟ್ಟವು: ಫ್ಯಾಕ್ಟರಿಯ ಪೂರ್ತಿ ಹೆಸರು, ವಿಳಾಸ, ಅದರ ಮಾಲೀಕ ಕಂಪನಿ, ಏನು ಮಾಡುತ್ತಾರೆ, ಎಷ್ಟು ಜನ ಕೆಲಸಗಾರರು, ಇಷ್ಟನ್ನಾದರೂ ಹಾಕಿ ಅಂತ. 2017ರಲ್ಲಿ ಅವರು ಕೊಟ್ಟ ಲೆಕ್ಕದ ಪ್ರಕಾರ 72 ಕಂಪನಿಗಳನ್ನು ಕೇಳಿದ್ದಕ್ಕೆ ಪೂರ್ತಿ ಒಪ್ಪಿದವು 17. ಆಮೇಲೆ ಜಾಸ್ತಿಯಾದವು.

ಈಗ ನಿಮಗೇನು ಬಂತು ಅನ್ನುವುದು. ದೂರ ಬೇಡ, ಶ್ರೀರಂಗಪಟ್ಟಣಕ್ಕೆ ಹೋಗೋಣ. 2020ರ ಜೂನ್‌ನಲ್ಲಿ ಅಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಒಂದು ಘಟಕ 1,200ರಷ್ಟು ಜನರ ಕೆಲಸ ನಿಲ್ಲಿಸಿತು. ಆ ಘಟಕದ ದೊಡ್ಡ ಗಿರಾಕಿ ಸ್ವೀಡನ್ನಿನ ಬಟ್ಟೆ ಕಂಪನಿ ಎಚ್ ಅಂಡ್ ಎಂ. ಕಾರ್ಮಿಕರು ಗೇಟಿನ ಮುಂದೆ ಕೂತರು. ಬರೀ ಮ್ಯಾನೇಜ್‌ಮೆಂಟಿಗೆ ಧಿಕ್ಕಾರ ಕೂಗಲಿಲ್ಲ, ಬ್ರ್ಯಾಂಡಿನ ಹೆಸರು ಹಿಡಿದೇ ಕೇಳಿದರು. ಎಚ್ ಅಂಡ್ ಎಂ ತನ್ನ ಸಪ್ಲೈಯರ್ ಪಟ್ಟಿಯನ್ನು 2013ರಿಂದಲೇ ಹಾಕುತ್ತಿದ್ದ ಕಂಪನಿ, ‘ಅದು ನಮ್ಮ ಫ್ಯಾಕ್ಟರಿ ಅಲ್ಲವೇ ಅಲ್ಲ’ ಅನ್ನುವ ಹಾಗಿರಲಿಲ್ಲ. 2021ರ ಫೆಬ್ರವರಿಯಲ್ಲಿ ಯೂನಿಯನ್ ಜೊತೆ ಒಪ್ಪಂದ ಆಯಿತು, ಕೆಲಸ ಕಳೆದುಕೊಂಡವರನ್ನು ಮತ್ತೆ ತೆಗೆದುಕೊಳ್ಳುವ ಬಗ್ಗೆ. ಘಟಕ ಉಳಿಯಲಿಲ್ಲ. ಅದನ್ನೂ ಹೇಳಬೇಕು.

ನಿಮಗೆ 417 ರೂಪಾಯಿ 60 ಪೈಸೆ ನೆನಪಿರಬಹುದು. 2020ರ ಏಪ್ರಿಲ್‌ನಿಂದ ಬರಬೇಕಿದ್ದ ತುಟ್ಟಿಭತ್ಯೆ, ನಮ್ಮ ರಾಜ್ಯದ ಲಕ್ಷಾಂತರ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸುಮಾರು ಎರಡು ವರ್ಷ ಸಿಗಲಿಲ್ಲ. ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಅನ್ನುವ ಅಮೆರಿಕದ ಸಂಸ್ಥೆ ಒಂದೊಂದೇ ಬ್ರ್ಯಾಂಡನ್ನು ಹಿಡಿದು ‘ನಿಮ್ಮ ಸಪ್ಲೈಯರ್ ಕೊಟ್ಟಿಲ್ಲ’ ಅಂತ ಕೇಳಿತು. ಕೊನೆಗೆ 2022ರಲ್ಲಿ ದೊಡ್ಡ ಫ್ಯಾಕ್ಟರಿಗಳು ಬಾಕಿ ಕೊಡೋಕೆ ಶುರು ಮಾಡಿದವು. ಯಾವ ಫ್ಯಾಕ್ಟರಿ ಯಾರಿಗೆ ಹೊಲಿಯುತ್ತದೆ ಅಂತ ಗೊತ್ತಿಲ್ಲದಿದ್ದರೆ ಹಾಗೆ ಹೋಗಿ ಕೇಳೋಕೆ ಆಗುತ್ತಿರಲಿಲ್ಲ.

ಆದ್ದರಿಂದ ಆ ಪುಟದ ಫೋಟೋ ತೆಗೆದು ಮೊಬೈಲಲ್ಲಿ ಇಟ್ಟುಕೊಳ್ಳಿ, ತಾರೀಖು ಕಾಣುವ ಹಾಗೆ. ಪಟ್ಟಿಯಿಂದ ಹೆಸರು ತೆಗೆಯುವುದು ಒಂದು ನಿಮಿಷದ ಕೆಲಸ.

ನನ್ನದೂ ಒಂದು ಒಪ್ಪಿಕೊಳ್ಳುವುದಿದೆ. ನಾನಿದ್ದ ಫ್ಯಾಕ್ಟರಿಯ ಹೆಸರು (ಇಲ್ಲಿ ಬರೆಯುವುದಿಲ್ಲ) ಒಂದು ಬ್ರ್ಯಾಂಡಿನ ಪಟ್ಟಿಯಲ್ಲಿತ್ತು. ಆರ್ಡರ್ ಜಾಸ್ತಿಯಾದಾಗ ಕೈಕಸೂತಿ ಕೆಲಸ ಲಗ್ಗೆರೆ ಕಡೆಯ ಒಂದು ಶೀಟ್ ಮನೆಗೆ ಹೋಗುತ್ತಿತ್ತು. ಅಲ್ಲಿ ಪೀಸ್ ರೇಟ್. ಇಎಸ್‌ಐ ಇಲ್ಲ, ಪಿಎಫ್ ಇಲ್ಲ, ಕಿಟಕಿ ಒಂದೇ. ಬ್ರ್ಯಾಂಡಿಗೆ ತುಂಬಿ ಕೊಡುವ ಫಾರಂನಲ್ಲಿ ‘ಕಸೂತಿ ಎಲ್ಲಿ ಮಾಡುತ್ತೀರಿ’ ಅನ್ನುವ ಕಾಲಂ ಇತ್ತು. ‘ಇಲ್ಲೇ, ನಮ್ಮಲ್ಲೇ’ ಅಂತ ಬರೆದವಳು ನಾನೇ. ಪಟ್ಟಿಯಲ್ಲಿರುವ ಫ್ಯಾಕ್ಟರಿಗಿಂತ ಪಟ್ಟಿಯಲ್ಲಿಲ್ಲದ ಶೀಟ್ ಮನೆಯಲ್ಲಿ ಇರುವವರಿಗೆ ಕಷ್ಟ ಜಾಸ್ತಿ, ಯಾವತ್ತೂ.

ಪ್ರಶ್ನೆ: ಇದೆಲ್ಲ ಬರೀ ಸುಳ್ಳು, ಕಣ್ಣೊರೆಸೋ ತಂತ್ರ. ಒಪ್ತೀರಾ ಇಲ್ವಾ?
*— ಓದುಗರು, ಗದಗ*

ಅರ್ಧ ಒಪ್ತೀನಿ. ಸುಳ್ಳಿಗಿಂತ ಜಾಸ್ತಿ ಇರುವುದು ಗೊತ್ತಿಲ್ಲದಿರುವುದು.

2013ರ ಶುರುವಿನಲ್ಲಿ ಯುರೋಪಿನಲ್ಲಿ ದನದ ಮಾಂಸ ಅಂತ ಮಾರುತ್ತಿದ್ದ ಅಡುಗೆಯಲ್ಲಿ ಕುದುರೆ ಮಾಂಸ ಸಿಕ್ಕಿತು. ಫಿಂಡಸ್ ಹೆಸರಿನಲ್ಲಿ ಮಾರುತ್ತಿದ್ದ ಲಸಾನ್ಯ ಅನ್ನುವ ಇಟಲಿಯ ತಿನಿಸು ಅದರಲ್ಲೊಂದು. ಬೆನ್ನು ಹತ್ತಿ ಹೋದರೆ: ತಯಾರಿಸಿದ್ದು ಲಕ್ಸೆಂಬರ್ಗ್‌ನ ಫ್ಯಾಕ್ಟರಿ, ಅದು ಫ್ರಾನ್ಸಿನ ಕಂಪನಿಯದ್ದು, ಅದಕ್ಕೆ ಮಾಂಸ ಕೊಟ್ಟಿದ್ದು ಇನ್ನೊಂದು ಫ್ರೆಂಚ್ ಕಂಪನಿ, ಅದಕ್ಕೆ ಮಾರಿದವರು ಸೈಪ್ರಸ್, ನೆದರ್‌ಲ್ಯಾಂಡ್ಸ್ ಕಡೆಯ ದಲ್ಲಾಳಿಗಳು, ಮೂಲ ರೊಮೇನಿಯಾ. ಪ್ಯಾಕೆಟ್ ಮೇಲೆ ಹೆಸರು ಹಾಕಿದವರಿಗೆ ಈ ದಾರಿ ಗೊತ್ತೇ ಇರಲಿಲ್ಲ.

ಅಮೆರಿಕದಲ್ಲೂ ಅದೇ. ಕಾಂಗೋ ಸುತ್ತಮುತ್ತ ಯುದ್ಧ ಮಾಡುವ ಗುಂಪುಗಳಿಗೆ ಗಣಿ ದುಡ್ಡು ಹೋಗುತ್ತದೆ ಅಂತ, ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ಬಳಸುವ ಕಂಪನಿಗಳು ಅದರ ಮೂಲ ಹೇಳಬೇಕು ಅಂತ 2010ರಲ್ಲಿ ಕಾನೂನು ಮಾಡಿದರು. 2014ರಲ್ಲಿ ಮೊದಲ ವರದಿಗಳು ಬಂದವು. ಹೆಚ್ಚಿನವರು ಬರೆದಿದ್ದು: ಎಲ್ಲಿಂದ ಬಂತು ಅಂತ ಪತ್ತೆ ಮಾಡಲಾಗಲಿಲ್ಲ. ನಿಮಗೆ ನಗು ಬರಬಹುದು. ಆದರೆ ಫೋನಿನೊಳಗಿನ ತವರ ಕರಗಿಸುವ ಕುಲುಮೆಯಲ್ಲಿ ಹತ್ತು ಕಡೆಯ ಅದಿರು ಬೆರೆತಿರುತ್ತದೆ. ಹಾಲಿನ ಡೇರಿ ಕ್ಯಾನಿನಲ್ಲಿ ನಿಮ್ಮನೆ ಹಸುವಿನ ಹಾಲು ಯಾವುದು ಅಂತ ಹುಡುಕಿದ ಹಾಗೆ.

ಹೇಳಿ ಪೆಟ್ಟು ತಿಂದವರೂ ಇದ್ದಾರೆ. ಚೀನಾದ ಶಿಂಜಿಯಾಂಗ್ ಹತ್ತಿಯ ಬಗ್ಗೆ, ಅಲ್ಲಿನ ಬಲವಂತದ ದುಡಿಮೆಯ ಆರೋಪದ ಬಗ್ಗೆ ಆತಂಕ ಇದೆ ಅಂತ ಎಚ್ ಅಂಡ್ ಎಂ ಒಂದು ಹೇಳಿಕೆ ಹಾಕಿತ್ತು. 2021ರ ಮಾರ್ಚ್‌ನಲ್ಲಿ ಅದೇ ಹೇಳಿಕೆ ಚೀನಾದಲ್ಲಿ ಮತ್ತೆ ಎದ್ದಿತು. ಅಲ್ಲಿನ ಆನ್‌ಲೈನ್ ಅಂಗಡಿಗಳಿಂದ ಕಂಪನಿಯ ಬಟ್ಟೆಯೇ ಮಾಯವಾಯಿತು. ಅದನ್ನು ನೋಡಿದ ಬೇರೆ ಕಂಪನಿಗಳ ಲೀಗಲ್ ವಿಭಾಗದವರು ಆ ವಾರ ಏನು ಹೇಳಿರಬಹುದು, ನೀವೇ ಊಹಿಸಿ.

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ. ಒಂದಷ್ಟು ಶೇರು ಇಟ್ಟಿದ್ದೇನೆ. ವಾರ್ಷಿಕ ವರದಿಯಲ್ಲಿ ಈಗ ಬಿಆರ್‌ಎಸ್‌ಆರ್ ಅಂತ ಒಂದು ದೊಡ್ಡ ಭಾಗ ಬರುತ್ತದೆ. ಸಪ್ಲೈಯರ್ ವಿಷಯ ಅದರಲ್ಲಿ ಇರುತ್ತದಂತೆ. ಎಲ್ಲಿ ನೋಡಬೇಕು?
*— ಓದುಗರು, ಹುಬ್ಬಳ್ಳಿ*

ಸರ್, ನಿಮ್ಮಂಥವರು ಓದಲಿ ಅಂತಲೇ ಅದನ್ನು ಇಟ್ಟಿರುವುದು. ಯಾರೂ ಓದಲ್ಲ ಅನ್ನುವ ಧೈರ್ಯದಲ್ಲಿ ಬರೆದಿರುತ್ತಾರೆ.

ಬಿಆರ್‌ಎಸ್‌ಆರ್ ಅಂದರೆ ಪರಿಸರ, ಕಾರ್ಮಿಕರು, ಸಮಾಜದ ವಿಷಯದಲ್ಲಿ ಕಂಪನಿ ಏನು ಮಾಡಿದೆ ಅನ್ನುವ ವರದಿ. ಶೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮದ ಪ್ರಕಾರ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು 2022–23ರಿಂದ ಇದನ್ನು ಕೊಡಲೇಬೇಕು. ಪ್ರಶ್ನೆಗಳು ಎರಡು ಥರ. ಒಂದು ಕಡ್ಡಾಯ, ಇನ್ನೊಂದು ಇಷ್ಟವಿದ್ದರೆ ಉತ್ತರಿಸುವ ‘ಲೀಡರ್‌ಶಿಪ್’ ಪ್ರಶ್ನೆಗಳು. ಸಪ್ಲೈಯರ್ ಕಡೆಯ ಕಾರ್ಮಿಕರ ಪರಿಸ್ಥಿತಿ, ಬಾಲಕಾರ್ಮಿಕರು, ಸಂಬಳ ಇವನ್ನು ಎಷ್ಟು ಪಾಲು ಸಪ್ಲೈಯರ್‌ಗಳಲ್ಲಿ ಪರೀಕ್ಷೆ ಮಾಡಿದ್ದೀರಿ ಅನ್ನುವುದು ಎರಡನೇ ಗುಂಪಿನಲ್ಲಿದೆ. ವರದಿಯನ್ನು ‘ತತ್ವ’ ಅನ್ನುವ ಭಾಗಗಳಾಗಿ ವಿಂಗಡಿಸಿರುತ್ತಾರೆ, ಇದು ಮೂರನೇ ಮತ್ತು ಐದನೇ ತತ್ವದ ಕೊನೆಯಲ್ಲಿ ಸಿಗುತ್ತದೆ. ನೇರ ಅಲ್ಲಿಗೆ ಹೋಗಿ. ಅಂಕಿ ಇದ್ದರೆ ಒಳ್ಳೆಯದು. ‘ನಮ್ಮ ಸಪ್ಲೈಯರ್‌ಗಳು ನಮ್ಮ ನೀತಿಸಂಹಿತೆ ಪಾಲಿಸುತ್ತಾರೆಂದು ನಾವು ನಿರೀಕ್ಷಿಸುತ್ತೇವೆ’ ಅಂತಿದ್ದರೆ ಯಾರೂ ಹೋಗಿ ನೋಡಿಲ್ಲ ಅಂತ ಓದಿಕೊಳ್ಳಿ.

ಎರಡನೇ ತತ್ವದಲ್ಲಿ ‘ಕಚ್ಚಾವಸ್ತುವಿನಲ್ಲಿ ಎಷ್ಟು ಪಾಲು ಸುಸ್ಥಿರ ಮೂಲದ್ದು’ ಅನ್ನುವ ಪ್ರಶ್ನೆ ಇದೆ. ದೊಡ್ಡ ದೊಡ್ಡ ಶೇಕಡಾವಾರು ನೋಡಿ ಮರುಳಾಗಬೇಡಿ. ಸುಸ್ಥಿರ ಅಂದರೆ ಏನು ಅಂತ ಪಕ್ಕದಲ್ಲಿ ಬರೆದಿದೆಯಾ, ಅಷ್ಟು ನೋಡಿ. ಎಂಟನೇ ತತ್ವದಲ್ಲಿ ಸಣ್ಣ ಉದ್ದಿಮೆಗಳಿಂದ ಎಷ್ಟು ಕೊಂಡರು ಅಂತ ಇರುತ್ತದೆ. ಎರಡು ವರ್ಷದ್ದನ್ನು ಪಕ್ಕಪಕ್ಕ ಇಡಿ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲ 250 ಕಂಪನಿಗಳು ತಮ್ಮ ಸಪ್ಲೈಯರ್, ಗಿರಾಕಿಗಳ ಮಾಹಿತಿಯನ್ನೂ ಕೊಡಬೇಕು ಅಂತ ಸೆಬಿ 2023ರಲ್ಲಿ ಹೇಳಿತು. ಕಂಪನಿಗಳು ಗೊಣಗಿದವು. 2024ರ ಡಿಸೆಂಬರ್‌ನಲ್ಲಿ ಅದನ್ನು ಒಂದು ವರ್ಷ ಮುಂದೂಡಿ, ಇಷ್ಟವಿದ್ದರೆ ಕೊಡಿ ಅಂತ ಮಾಡಿದರು. ಅದೂ ಖರೀದಿ ಅಥವಾ ಮಾರಾಟದಲ್ಲಿ ತಲಾ 2% ಅಥವಾ ಜಾಸ್ತಿ ಪಾಲಿರುವವರದ್ದು ಮಾತ್ರ. ನೂರಾರು ಸಣ್ಣ ಸಪ್ಲೈಯರ್ ಇರುವ ಕಂಪನಿಯಲ್ಲಿ 2% ದಾಟುವವರು ಎಷ್ಟು ಜನ ಇರುತ್ತಾರೆ? ಬ್ಯಾಂಕಿನಲ್ಲಿದ್ದವರು, ಲೆಕ್ಕ ನಿಮಗೇ ಬಿಟ್ಟೆ.

ಪ್ರಶ್ನೆ: ನಮ್ಮದು ಸಣ್ಣ ಮಷೀನ್ ಶಾಪ್, 14 ಜನ ಕೆಲಸಕ್ಕಿದ್ದಾರೆ. ದೊಡ್ಡ ಕಂಪನಿಗೆ ಪಾರ್ಟ್ಸ್ ಕೊಡ್ತೀವಿ. ಈಗ ಅವರು 60 ಪ್ರಶ್ನೆಯ ಫಾರಂ ಕಳಿಸಿ, ನೀವು ಕಾಸ್ಟಿಂಗ್ ಯಾರ ಹತ್ರ ತಗೋತೀರಿ, ಪ್ಲೇಟಿಂಗ್ (ಲೋಹದ ಲೇಪನ) ಎಲ್ಲಿ ಮಾಡಿಸ್ತೀರಿ, ಹೆಸರು ವಿಳಾಸ ಕೊಡಿ ಅಂತಿದ್ದಾರೆ. ಕೊಟ್ಟರೆ ನಾಳೆ ನೇರ ಅವರ ಹತ್ರಾನೇ ಹೋಗಲ್ವಾ?
*— ಓದುಗರು, ಉದ್ಯಮಬಾಗ್, ಬೆಳಗಾವಿ*

ಹೋಗಬಹುದು. ಭಯ ಸುಳ್ಳಲ್ಲ. ದೊಡ್ಡವರು ತಮ್ಮ ಸಪ್ಲೈಯರ್ ಹೆಸರನ್ನು ವ್ಯಾಪಾರದ ಗುಟ್ಟು ಅನ್ನುತ್ತಾರೆ, ನಿಮ್ಮ ಸಪ್ಲೈಯರ್ ಹೆಸರನ್ನು ಕಾಲಂನಲ್ಲಿ ತುಂಬಿ ಅನ್ನುತ್ತಾರೆ. ನಿಮ್ಮ ಕೈಯಲ್ಲಿ ಆರ್ಡರ್ ಇಲ್ಲ, ಅವರ ಕೈಯಲ್ಲಿದೆ.

ಆದರೂ ಪೂರ್ತಿ ಕೈಚೆಲ್ಲಬೇಡಿ. ಮೊದಲು, ಇದನ್ನು ಯಾವ ನಿಯಮಕ್ಕಾಗಿ ಕೇಳುತ್ತಿದ್ದೀರಿ ಅಂತ ಮೇಲ್‌ನಲ್ಲಿ ಕೇಳಿ. ಅರ್ಧ ಫಾರಂಗಳು ಯಾವುದೋ ಹೊರದೇಶದ ಗಿರಾಕಿ ಇವರಿಗೆ ಕಳಿಸಿದ್ದನ್ನು ಇವರು ಹಾಗೇ ಕೆಳಗೆ ದಾಟಿಸಿದ್ದಾಗಿರುತ್ತವೆ. ಜರ್ಮನಿಯಲ್ಲಿ 2023ರಿಂದ ಸಪ್ಲೈ ಚೈನ್ ಕಾನೂನು ಇದೆ, ಅಲ್ಲಿನ ದೊಡ್ಡ ಕಂಪನಿಗಳಿಗೆ ಪಾರ್ಟ್ಸ್ ಹೋಗುತ್ತಿದ್ದರೆ ಪ್ರಶ್ನೆ ಬರುವುದು ಸಹಜ. ಆದರೆ ಅವರಿಗೆ ಬೇಕಾಗಿರುವುದು ಪ್ಲೇಟಿಂಗ್ ಘಟಕದಲ್ಲಿ ಆಸಿಡ್ ನೀರು ಚರಂಡಿಗೆ ಹೋಗುತ್ತಿದೆಯಾ, ಮಕ್ಕಳು ಕೆಲಸಕ್ಕಿದ್ದಾರಾ ಅನ್ನುವುದು. ನಿಮ್ಮ ರೇಟಲ್ಲ. ಮಾಲಿನ್ಯ ಮಂಡಳಿಯ ಒಪ್ಪಿಗೆ ಪತ್ರ ಇದೆ, ಊರು ಇಂಥದ್ದು, ಬೇಕಾದರೆ ಮೂರನೆಯವರಿಂದ ಆಡಿಟ್ ಮಾಡಿಸಿ ಅನ್ನಿ. ಹೆಸರು ಕೊಡಲೇಬೇಕಾದರೆ, ಖರೀದಿ ವಿಭಾಗದ ಜೊತೆ ಹಂಚಿಕೊಳ್ಳುವುದಿಲ್ಲ ಅಂತ ಒಂದು ಸಾಲು ಬರೆಸಿಕೊಳ್ಳಿ. ಸಪ್ಲೈಯರ್‌ಗಳು ತಮ್ಮ ಮಾಹಿತಿ ಹಾಕಿಡುವ ಸೆಡೆಕ್ಸ್ ಥರದ ಆನ್‌ಲೈನ್ ವ್ಯವಸ್ಥೆಗಳಲ್ಲಿ ನಿಮ್ಮ ಮಾಹಿತಿ ಯಾವ ಗಿರಾಕಿಗೆ ಕಾಣಬೇಕು ಅಂತ ನೀವೇ ಆರಿಸಬಹುದು. ಬೆಲೆ, ಪ್ರಮಾಣದ ಕಾಲಂ ಖಾಲಿ ಬಿಡಿ. ಎರಡು ಸಲ ಕೇಳುತ್ತಾರೆ. ಮೂರನೇ ಸಲ ಕೇಳುವವರು ಕಮ್ಮಿ.

ಮತ್ತೆ, ನಾನು ಮಾಡಿದ ತಪ್ಪು ಮಾಡಬೇಡಿ. ‘ಪ್ಲೇಟಿಂಗ್ ನಮ್ಮಲ್ಲೇ’ ಅಂತ ಬರೆಯಬೇಡಿ.

ಪ್ರಶ್ನೆ: ನಮಗೆ 12 ಎಕರೆ ಕಾಫಿ ತೋಟ ಇದೆ. ಯುರೋಪಿಗೆ ಕಾಫಿ ಕಳಿಸೋಕೆ ತೋಟದ ಜಿಪಿಎಸ್ ಬೇಕು ಅಂತ ವ್ಯಾಪಾರಿ ಕೇಳ್ತಿದ್ದಾರೆ. ಇದು ಎಲ್ಲರಿಗೂ ಕಾಣುವ ಹಾಗೆ ಹಾಕ್ತಾರಾ? ಕೊಡಬಹುದಾ?
*— ಬೆಳೆಗಾರರು, ಸಕಲೇಶಪುರ*

ಯುರೋಪ್ ಒಕ್ಕೂಟ 2023ರಲ್ಲಿ ಕಾಡು ಕಡಿತದ ವಿರುದ್ಧ ಒಂದು ಕಾನೂನು ತಂದಿದೆ. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನ, ಈ ಏಳರ ವಿಷಯ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದಿದ್ದಾದರೆ ಒಳಗೆ ಬಿಡುವುದಿಲ್ಲ. ಅದಕ್ಕೇ ಜಾಗದ ಗುರುತು ಬೇಕು. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಯ ತನಕ ಒಂದು ಬಿಂದು ಸಾಕು. ನಿಮ್ಮದು 12 ಎಕರೆ ಒಂದೇ ತುಂಡಾಗಿದ್ದರೆ ಬೇಲಿ ಸುತ್ತ ನಡೆದು ಪೂರ್ತಿ ಗಡಿ ಗುರುತಿಸಬೇಕು. ಜಾರಿ ಎರಡು ಸಲ ಮುಂದೆ ಹೋಗಿದೆ, ಆದರೂ ರಫ್ತುದಾರರು ಈಗಲೇ ಜೋಡಿಸಿಕೊಳ್ಳುತ್ತಿದ್ದಾರೆ. ದೇಶದ ಕಾಫಿಯಲ್ಲಿ ಸುಮಾರು 70% ನಮ್ಮ ರಾಜ್ಯದ್ದು, ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿ. ಅವರು ಸುಮ್ಮನಿರೋಕೆ ಆಗಲ್ಲ.

ಈ ಗುರುತು ವೆಬ್‌ಸೈಟಿನ ಪಟ್ಟಿಗೆ ಅಲ್ಲ, ಯುರೋಪಿನ ಅಧಿಕಾರಿಗಳು ನೋಡುವ ವ್ಯವಸ್ಥೆಗೆ ಹೋಗುವುದು. ನಿಮ್ಮ ಹೆಸರಿನ ಜೊತೆ ತೋಟದ ನಕ್ಷೆಯನ್ನು ಜಗತ್ತಿಗೆ ತೋರಿಸುವುದು ಅದರ ಉದ್ದೇಶ ಅಲ್ಲ. ಹೇಳಬೇಕೆಂದರೆ ನಿಮಗಿಂತ ವ್ಯಾಪಾರಿಗೇ ಅದು ಗುಟ್ಟಾಗಿರಬೇಕು. ಒಳ್ಳೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಯಾವ ತೋಟದ್ದು ಅಂತ ಗೊತ್ತಾದರೆ ಇನ್ನೊಬ್ಬ ರಫ್ತುದಾರ ನಿಮ್ಮ ಗೇಟಿಗೆ ಬರುತ್ತಾನೆ, ಅದರಿಂದ ನಿಮಗೇನೂ ನಷ್ಟ ಇಲ್ಲ!

ಕೊಡಿ. ಆದರೆ ಸುಮ್ನೆ ಕೊಡಬೇಡಿ. ನೀವು ತೋಟದ ಗಡಿ ಕೊಡುವಾಗ ಅವರು ಕಾಫಿ ಎಲ್ಲಿಗೆ ಹೋಗುತ್ತದೆ, ಯಾವ ರೋಸ್ಟರ್‌ಗೆ, ಅಂದರೆ ಕಾಫಿ ಹುರಿಯುವ ಕಂಪನಿಗೆ ಅಂತ ಹೇಳಲಿ. ಕೇಳಿ ನೋಡಿ, ಮುಖ ಹೇಗಾಗುತ್ತದೆ ಅಂತ. ಮತ್ತೆ ಪಹಣಿ ತೆಗೆದು ನೋಡಿ. ನಿಜವಾದ ತೊಡಕು ಜಿಪಿಎಸ್‌ನಲ್ಲಿ ಅಲ್ಲ, ಪಹಣಿ ಇನ್ನೂ ತಾತನ ಹೆಸರಿನಲ್ಲಿರುವುದರಲ್ಲಿ. ಬೆಳೆದಿದ್ದು ಆಯಾ ದೇಶದ ಕಾನೂನಿನ ಪ್ರಕಾರ ಇರಬೇಕು ಅಂತಲೂ ಆ ನಿಯಮ ಕೇಳುತ್ತದೆ. ನೋಂದಣಿ ವಿಷಯಕ್ಕೆ ನಿಮ್ಮ ಹತ್ತಿರದ ಕಾಫಿ ಬೋರ್ಡ್ ಕಚೇರಿಗೇ ಹೋಗಿ.

ಪ್ರಶ್ನೆ: ಚಿಪ್ಸ್ ಪ್ಯಾಕೆಟ್ ಮೇಲೆ ದೊಡ್ಡ ಕಂಪನಿ ಹೆಸರು, ಹಿಂದೆ ಸಣ್ಣಕ್ಷರದಲ್ಲಿ ‘ಮಾರ್ಕೆಟೆಡ್ ಬೈ’ ಅಂತ. ಹಾಗಾದ್ರೆ ಮಾಡಿದ್ದು ಯಾರು?
*— ಗೃಹಿಣಿ, ಶಿವಮೊಗ್ಗ*

ಅಲ್ಲೇ ಎಫ್‌ಎಸ್‌ಎಸ್‌ಎಐ ಅಂತ 14 ಅಂಕಿಯ ನಂಬರು ಇರುತ್ತದೆ. ಬ್ರ್ಯಾಂಡ್ ಬೇರೆ, ತಯಾರಕರು ಬೇರೆ ಆದರೆ ತಯಾರಕರ ನಂಬರನ್ನೂ ಹಾಕಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಅದನ್ನು ಹೊಡೆದು ನೋಡಿ, ಲೈಸೆನ್ಸ್ ಯಾರದ್ದು ಅಂತ ಸಿಗುತ್ತದೆ. ಮಾತ್ರೆಯಲ್ಲಿ ಇನ್ನೂ ಸುಲಭ. 2023ರ ಆಗಸ್ಟ್ ನಂತರ ತಯಾರಾದ, ಜಾಸ್ತಿ ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಇರಬೇಕು, ಅದರಲ್ಲಿ ತಯಾರಕರ ಹೆಸರು, ವಿಳಾಸ ಬರುತ್ತದೆ. ಆಲೂಗಡ್ಡೆ ಎಲ್ಲಿಯದು ಅಂತ ಮಾತ್ರ ಕೇಳಬೇಡಿ. ಅದನ್ನು ಹಾಕಿ ಅಂತ ಯಾರೂ ಹೇಳಿಲ್ಲ, ಹಾಗಾಗಿ ಹಾಕಿಲ್ಲ.

ಪ್ರಶ್ನೆ: ಊರಿಗೆಲ್ಲ ಬುದ್ಧಿ ಹೇಳ್ತೀರಿ. ನಿಮ್ಮ ಪತ್ರಿಕೆಯ ಕಾಗದ ಎಲ್ಲಿಂದ ಬರುತ್ತೆ ಅಂತ ಎಲ್ಲಾದರೂ ಬರೆದಿದ್ದೀರಾ?
*— ಓದುಗರು, ತುಮಕೂರು*

ಸಿಕ್ಕಿಬಿದ್ದೆ.

ಪತ್ರಿಕೆ ತೆಗೆದು ಪುಟಪುಟ ನೋಡಿದೆ. ಮುದ್ರಕರ ಹೆಸರಿದೆ, ಪ್ರಕಾಶಕರ ಹೆಸರಿದೆ, ಪ್ರೆಸ್ ಎಲ್ಲಿದೆ ಅಂತ ವಿಳಾಸ ಇದೆ. 1867ರಲ್ಲಿ ಬ್ರಿಟಿಷರು ಮಾಡಿದ ಕಾನೂನು ಅದನ್ನು ಹಾಕಿ ಅಂದಿತ್ತು, ಅವತ್ತಿನಿಂದ ಹಾಕುತ್ತಾ ಬಂದಿದ್ದೇವೆ. ಬ್ರಿಟಿಷರಿಗೆ ಬೇಕಾಗಿದ್ದು ಯಾರನ್ನು ಹಿಡಿಯಬೇಕು ಅನ್ನುವುದು, ಕಾಗದ ಯಾವ ಮರದ್ದು ಅನ್ನುವುದಲ್ಲ. ಕಾಗದದ ಬಗ್ಗೆ ಒಂದು ಅಕ್ಷರವೂ ಇಲ್ಲ.

ಸಂಪಾದಕರನ್ನು ಕೇಳಿದೆ. ‘ಪ್ರೆಸ್‌ನವರಿಗೆ ಗೊತ್ತಿರುತ್ತೆ’ ಅಂದರು. ಪ್ರೆಸ್‌ನವರು ‘ಸುಲ್ತಾನ್‌ಪೇಟೆಯ ಡೀಲರ್ ಕೊಡ್ತಾರೆ, ರೇಟು ನೋಡಿ ತಗೋತೀವಿ, ಮಿಲ್ ಯಾವುದು ಅಂತ ಕೇಳಿಲ್ಲ’ ಅಂದರು. ಡೀಲರ್‌ಗೆ ಸೋಮವಾರದಿಂದ ಫೋನ್ ಮಾಡುತ್ತಿದ್ದೇನೆ. ಮೊದಲ ಸಲ ‘ಯಾಕೆ ಮೇಡಂ, ಏನಾದ್ರೂ ಕಂಪ್ಲೇಂಟಾ?’ ಅಂತ ಕೇಳಿ, ನೋಡಿ ಹೇಳ್ತೀನಿ ಅಂದರು. ಆಮೇಲೆ ಫೋನ್ ಎತ್ತಿಲ್ಲ.